ದೊಡ್ಡ ಚಿತ್ರ, ಚಿಕ್ಕ ದಾರಿ

(ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಪದವಿಪೂರ್ವ ಹಾಗೂ ಪದವಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)



ಚಿತ್ರಗಳನ್ನು ಕಳುಹಿಸಲು ಬಳಸುವ ದತ್ತಾಂಶ ಸಂಕೋಚನ ವಿಧಾನಗಳ ಹೋಲಿಕೆ ಎಂದು ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ಅಚ್ಚಾಗಿದೆ. ಹೆಸರು ಕೇಳಿಯೇ ಹಿಂದಿನ ಸಾಲಿನವರು ಗಡಿಯಾರ ನೋಡಲು ಶುರು ಮಾಡಿದ್ದಾರೆ. ಅವರಿಗಾಗಿ ಮೊದಲು ಒಂದು ಸಣ್ಣ ಘಟನೆ ಹೇಳುತ್ತೇನೆ.

ನನಗೆ ಪರಿಚಯದ ಒಬ್ಬ ಹುಡುಗಿ. ತಂದೆ ಗಾರೆ ಕೆಲಸದವರು. ದ್ವಿತೀಯ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಅಂಕಪಟ್ಟಿಯ ಚಿತ್ರ 100 ಕೆ.ಬಿ.ಗಿಂತ ಹೆಚ್ಚಿರಬಾರದು ಎಂಬ ನಿಯಮವಿತ್ತು. ಅಣ್ಣ ಮೊಬೈಲಿನಲ್ಲಿ ಫೋಟೋ ತೆಗೆದ, ವಾಟ್ಸ್‌ಆ್ಯಪ್‌ನಲ್ಲಿ ಅಂಗಡಿಗೆ ಕಳಿಸಿದ. ಅಂಗಡಿಯ ಹುಡುಗ ಗಾತ್ರ ಇಳಿಸುತ್ತಾ ಇಳಿಸುತ್ತಾ 98 ಕೆ.ಬಿ.ಗೆ ತಂದು ಅರ್ಜಿ ಸಲ್ಲಿಸಿದ. ಒಂದೂವರೆ ತಿಂಗಳ ನಂತರ ಉತ್ತರ ಬಂತು: ಅಂಕಪಟ್ಟಿ ಓದಲು ಬರುತ್ತಿಲ್ಲ, ಅರ್ಜಿ ತಿರಸ್ಕೃತ. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು. ಆ ಹುಡುಗಿ ನನ್ನ ಹತ್ತಿರ ಬಂದು, "ಸರ್, ಅಂಕಪಟ್ಟಿಯಲ್ಲಿ ತಪ್ಪಿರಲಿಲ್ಲ, ನಾನೂ ತಪ್ಪು ಮಾಡಲಿಲ್ಲ. ಹಾಗಾದರೆ ತಪ್ಪಾಗಿದ್ದು ಎಲ್ಲಿ?" ಎಂದು ಕೇಳಿದಳು. ಇಂದಿನ ನನ್ನ ಭಾಷಣವೆಲ್ಲ ಆ ಪ್ರಶ್ನೆಗೆ ಉತ್ತರ ಎಂದೇ ತಿಳಿಯಿರಿ.

ಒಂದು ಚಿತ್ರಕ್ಕೆ ಎಂಟು ಗಂಟೆ

ಕಂಪ್ಯೂಟರ್‌ಗೆ ಚಿತ್ರವೆಂದರೆ ಅಂಕಿಗಳ ಒಂದು ಕೋಷ್ಟಕ. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ವಿಂಗಡಿಸುತ್ತಾರೆ. ಇವೇ ಪಿಕ್ಸೆಲ್‌ಗಳು. ಪ್ರತಿ ಚುಕ್ಕೆ ಎಷ್ಟು ಬೆಳಕಾಗಿದೆ, ಯಾವ ಬಣ್ಣದ್ದಾಗಿದೆ ಎಂಬುದನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಆ ಅಂಕಿಗಳು 0 ಮತ್ತು 1 ಎಂಬ ಬಿಟ್‌ಗಳಾಗಿ ತಂತಿಯಲ್ಲೋ ಗಾಳಿಯಲ್ಲೋ ಸಾಗುತ್ತವೆ.

1965ರ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಪಕ್ಕದಲ್ಲಿ ಹಾದುಹೋಗುವಾಗ ತೆಗೆದ ಚಿತ್ರಗಳ ಲೆಕ್ಕ ನೋಡಿ. ಒಂದು ಚಿತ್ರಕ್ಕೆ 200 ಸಾಲು, ಸಾಲಿಗೆ 200 ಚುಕ್ಕೆ, ಅಂದರೆ 40,000 ಚುಕ್ಕೆಗಳು. ಚುಕ್ಕೆಗೆ 6 ಬಿಟ್‌ನಂತೆ ಒಟ್ಟು 2,40,000 ಬಿಟ್. ನೌಕೆಯಿಂದ ಭೂಮಿಗೆ ಸೆಕೆಂಡಿಗೆ ಬರುತ್ತಿದ್ದದ್ದು ಎಂಟೂಕಾಲು ಬಿಟ್‌ಗಿಂತ ತುಸು ಹೆಚ್ಚು. ಭಾಗಿಸಿ ನೋಡಿದರೆ ಒಂದು ಚಿತ್ರ ಬರಲು ಎಂಟು ಗಂಟೆ! ಕಾಯಲಾರದ ಎಂಜಿನಿಯರುಗಳು ಬಂದ ಅಂಕಿಗಳನ್ನೇ ಕಾಗದದ ಪಟ್ಟಿಗಳ ಮೇಲೆ ಅಚ್ಚು ಹಾಕಿ, ಅಂಟಿಸಿ, ಪ್ರತಿ ಅಂಕಿಯ ಮೇಲೂ ಬಣ್ಣದ ಕಡ್ಡಿಯಿಂದ ಕೈಯಾರೆ ಬಳಿದು ಮಂಗಳನ ಮೊದಲ ಸಮೀಪ ಚಿತ್ರವನ್ನು ನೋಡಿದರು.

ಚಿತ್ರ ದೊಡ್ಡದು, ದಾರಿ ಚಿಕ್ಕದು. ಇದು ಅಂದಿನ ಸಮಸ್ಯೆ ಮಾತ್ರವಲ್ಲ. ಇಂದು ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋವನ್ನು ಇದ್ದ ಹಾಗೆಯೇ ಬರೆದಿಟ್ಟರೆ ಸುಮಾರು 36 ಎಂ.ಬಿ. ಆಗುತ್ತದೆ. ಆದರೆ ಫೈಲ್ ನೋಡಿದರೆ ಮೂರು ನಾಲ್ಕು ಎಂ.ಬಿ. ಮಾತ್ರ ಇರುತ್ತದೆ. ಉಳಿದದ್ದು ಎಲ್ಲಿ ಹೋಯಿತು? ಅದನ್ನು ಮಾಯ ಮಾಡಿದ ವಿದ್ಯೆಗೇ ಸಂಕೋಚನ ಎಂದು ಹೆಸರು.

ಏನನ್ನೂ ಕಳೆಯದೆ ಕಿರಿದಾಗಿಸುವುದು

ಸಂಕೋಚನದಲ್ಲಿ ಎರಡು ಪಂಗಡಗಳಿವೆ. ಮೊದಲನೆಯದು ನಷ್ಟರಹಿತ. ಕಳಿಸಿದ್ದು ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಆಚೆ ಕಡೆ ಮರಳಿ ಸಿಗುತ್ತದೆ. ಎರಡನೆಯದು ನಷ್ಟಸಹಿತ. ಇದರಲ್ಲಿ ಸ್ವಲ್ಪ ಭಾಗವನ್ನು ಬೇಕೆಂದೇ ಕೈಬಿಡುತ್ತಾರೆ.

ನಷ್ಟರಹಿತದ ಅತಿ ಸರಳ ವಿಧಾನ ನಮ್ಮ ನೇಕಾರರಿಗೆ ಹಿಂದಿನಿಂದಲೂ ಗೊತ್ತು. ಸೀರೆಯ ವಿನ್ಯಾಸ ಹೇಳುವಾಗ ಅವರು "ಹಸಿರು ಎಳೆ, ಹಸಿರು ಎಳೆ, ಹಸಿರು ಎಳೆ" ಎಂದು ನೂರು ಬಾರಿ ಹೇಳುವುದಿಲ್ಲ. "ನೂರು ಎಳೆ ಹಸಿರು, ಹತ್ತು ಎಳೆ ಕೆಂಪು" ಎನ್ನುತ್ತಾರೆ. ಫ್ಯಾಕ್ಸ್ ಯಂತ್ರ ಮಾಡುವುದೂ ಇದನ್ನೇ. 1980ರಲ್ಲಿ ಬಂದ ಗ್ರೂಪ್-3 ಫ್ಯಾಕ್ಸ್ ಮಾನದಂಡದಲ್ಲಿ ಒಂದು ಸಾಲಿಗೆ 1728 ಚುಕ್ಕೆಗಳು, ಒಂದು ಎ-4 ಪುಟಕ್ಕೆ ಸುಮಾರು 1143 ಸಾಲುಗಳು. ಒಟ್ಟು ಸುಮಾರು 20 ಲಕ್ಷ ಬಿಟ್. ಸೆಕೆಂಡಿಗೆ 9600 ಬಿಟ್ ಸಾಗುವ ದೂರವಾಣಿ ತಂತಿಯಲ್ಲಿ ಇದು ಹೋಗಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. ಆದರೆ ಪತ್ರದ ಪುಟದಲ್ಲಿ ಹೆಚ್ಚಿನದೆಲ್ಲ ಖಾಲಿ ಜಾಗ. ಒಂದು ಪೂರ್ತಿ ಖಾಲಿ ಸಾಲನ್ನು "1728 ಬಿಳಿ" ಎಂದು ಹೇಳಿ ಮುಗಿಸಬಹುದು. ಸಾಲಿನ ಕೊನೆಯ ಗುರುತನ್ನು ಬಿಟ್ಟರೆ ಅದಕ್ಕೆ ಬೇಕಾಗುವುದು ಕೇವಲ 17 ಬಿಟ್. ಹೀಗಾಗಿ ಸಾಧಾರಣ ಪತ್ರವೊಂದು ಒಂದು ನಿಮಿಷದೊಳಗೇ ಹೋಗಿಬಿಡುತ್ತದೆ. ಮುಂದೆ 1984ರಲ್ಲಿ ಬಂದ ಗ್ರೂಪ್-4 ವಿಧಾನವು ಪ್ರತಿ ಸಾಲನ್ನು ಮೇಲಿನ ಸಾಲಿನೊಡನೆ ಹೋಲಿಸಿ, ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಇದರಿಂದ ಪುಟ ಇನ್ನಷ್ಟು ಚಿಕ್ಕದಾಗುತ್ತದೆ.

ಎರಡನೆಯ ಉಪಾಯ ಡೇವಿಡ್ ಹಫ್‌ಮನ್ ಅವರದು. ಅಮೆರಿಕದ ಎಂ.ಐ.ಟಿ.ಯಲ್ಲಿ ರಾಬರ್ಟ್ ಫ್ಯಾನೋ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ, ಅಂತಿಮ ಪರೀಕ್ಷೆ ಬೇಡವೆಂದರೆ ಒಂದು ಪ್ರಬಂಧ ಬರೆಯಿರಿ ಎಂದಿದ್ದರು. ಕೊಟ್ಟ ಸಮಸ್ಯೆಯನ್ನು ಸ್ವತಃ ಫ್ಯಾನೋ ಅವರೂ ಪೂರ್ತಿ ಬಿಡಿಸಿರಲಿಲ್ಲ. ವಿದ್ಯಾರ್ಥಿ ಹಫ್‌ಮನ್ ಅದನ್ನು ಬಿಡಿಸಿ 1952ರಲ್ಲಿ ಪ್ರಕಟಿಸಿದರು. ಹೆಚ್ಚು ಬಾರಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ ಎಂಬುದೇ ಅದರ ತತ್ವ. 100 ಚುಕ್ಕೆಗಳ ಚಿತ್ರದಲ್ಲಿ 70 ಬಿಳಿ, 15 ತಿಳಿ ಬೂದು, 10 ಕಡು ಬೂದು, 5 ಕಪ್ಪು ಇವೆ ಎನ್ನಿ. ಎಲ್ಲಕ್ಕೂ ಎರಡೆರಡು ಬಿಟ್ ಕೊಟ್ಟರೆ 200 ಬಿಟ್ ಬೇಕು. ಬಿಳಿಗೆ 1, ತಿಳಿ ಬೂದಿಗೆ 2, ಉಳಿದೆರಡಕ್ಕೆ 3 ಬಿಟ್ ಕೊಟ್ಟರೆ 70, 30, 30 ಮತ್ತು 15 ಸೇರಿ 145 ಬಿಟ್ ಸಾಕು. ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ, ನಷ್ಟ ಮಾತ್ರ ಏನೂ ಇಲ್ಲ.

ಮೂರನೆಯದು ಲೆಂಪೆಲ್ ಮತ್ತು ಜಿವ್ ಎಂಬ ಇಬ್ಬರು 1977 ಮತ್ತು 1978ರಲ್ಲಿ ಪ್ರಕಟಿಸಿದ ವಿಧಾನಗಳು. ಹಿಂದೆ ಬಂದಿದ್ದ ಮಾದರಿ ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, "ಹಿಂದೆ ಹೇಳಿದ ಹಾಗೆ" ಎಂದು ಬೆರಳು ತೋರಿಸುವುದು. ಇದರ ಒಂದು ರೂಪವನ್ನು ಬಳಸಿ 1987ರಲ್ಲಿ ಜಿಫ್ ಚಿತ್ರಗಳು ಬಂದವು. ಅದರಲ್ಲಿ 256 ಬಣ್ಣಗಳಿಗೆ ಮಾತ್ರ ಅವಕಾಶ. ಮುಂದೆ ಆ ವಿಧಾನದ ಪೇಟೆಂಟ್ ಹೊಂದಿದ್ದ ಕಂಪನಿ ಹಣ ಕೇಳತೊಡಗಿದಾಗ, ತಂತ್ರಜ್ಞರು ಒಟ್ಟಾಗಿ ಎಲ್ಲರಿಗೂ ಮುಕ್ತವಾದ ಪಿ.ಎನ್.ಜಿ. ಎಂಬ ಹೊಸ ಮಾದರಿಯನ್ನು 1996ರಲ್ಲಿ ಹೊರತಂದರು. ಪಿ.ಎನ್.ಜಿ. ಮೊದಲು ಎಡಗಡೆಯ ಮತ್ತು ಮೇಲಿನ ಚುಕ್ಕೆಗಳನ್ನು ನೋಡಿ ಈ ಚುಕ್ಕೆ ಹೀಗಿರಬಹುದು ಎಂದು ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಆಮೇಲೆ ಲೆಂಪೆಲ್-ಜಿವ್ ಮತ್ತು ಹಫ್‌ಮನ್ ವಿಧಾನಗಳನ್ನು ಒಂದರ ಮೇಲೊಂದು ಪ್ರಯೋಗಿಸುತ್ತದೆ.

ಇವೆಲ್ಲ ಅಕ್ಷರ, ನಕ್ಷೆ, ಲಾಂಛನ, ರೇಖಾಚಿತ್ರಗಳಿಗೆ ಅತ್ಯುತ್ತಮ. ಆದರೆ ಛಾಯಾಚಿತ್ರದಲ್ಲಿ ಸೋಲುತ್ತವೆ. ಆಕಾಶದ ಫೋಟೋ ನಮ್ಮ ಕಣ್ಣಿಗೆ ಒಂದೇ ನೀಲಿ. ಆದರೆ ಅಂಕಿಗಳಲ್ಲಿ ಅದು 118, 119, 117, 118, 120 ಎಂದು ಸ್ವಲ್ಪ ಸ್ವಲ್ಪ ಬದಲಾಗುತ್ತಲೇ ಇರುತ್ತದೆ. "ನೂರು ಎಳೆ ಹಸಿರು" ಎನ್ನಲು ಅಲ್ಲಿ ಎರಡು ಎಳೆಯೂ ಒಂದೇ ರೀತಿ ಇರುವುದಿಲ್ಲ. ನಷ್ಟರಹಿತ ವಿಧಾನದಿಂದ ಫೋಟೋ ಹೆಚ್ಚೆಂದರೆ ಎರಡು ಮೂರು ಪಟ್ಟು ಚಿಕ್ಕದಾದೀತು. ಹತ್ತು ಪಟ್ಟು ಬೇಕೆಂದರೆ ಬೇರೆಯೇ ದಾರಿ ಹುಡುಕಬೇಕು.

ಬೆಂಗಳೂರಿನ ಹುಡುಗನ ಕೊಡುಗೆ

ಆ ದಾರಿಯನ್ನು ತೋರಿಸಿದವರು ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಈ ಸಭೆಯಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತು? ಕೈ ಎತ್ತಿ. ಇಬ್ಬರು ಮೂವರು. ಆದರೆ ಈ ಸಭೆಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬರ ಜೇಬಿನಲ್ಲೂ ಅವರ ಗಣಿತ ಇದೆ.

ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಯು.ವಿ.ಸಿ.ಇ. ಎಂದು ಕರೆಯುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು 1961ರಲ್ಲಿ ಪದವಿ ಪಡೆದರು. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಪಿಎಚ್.ಡಿ. ಮುಗಿಸಿ, 1968ರಿಂದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಅವರನ್ನು ಕಾಡಿದ ಪ್ರಶ್ನೆ ಇದು. ಚಿತ್ರದ ಮಾಹಿತಿಯನ್ನು ಕೆಲವೇ ಅಂಕಿಗಳಲ್ಲಿ ಒಟ್ಟುಗೂಡಿಸಲು ಅತ್ಯುತ್ತಮವಾದ ಗಣಿತ ವಿಧಾನವೊಂದು ಆಗಲೇ ಇತ್ತು. ಆದರೆ ಅದನ್ನು ಪ್ರತಿಯೊಂದು ಬಗೆಯ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು, ಆ ಲೆಕ್ಕವೂ ಬಹಳ ಭಾರ. ಹೆಚ್ಚುಕಡಿಮೆ ಅಷ್ಟೇ ಒಳ್ಳೆಯದಾದ, ಆದರೆ ಎಲ್ಲ ಚಿತ್ರಗಳಿಗೂ ಹೊಂದುವ, ಬೇಗ ಲೆಕ್ಕ ಹಾಕಬಹುದಾದ ವಿಧಾನ ಸಿಗಬಹುದೇ? ಕೊಸೈನ್ ಅಲೆಗಳಿಂದ ಇದು ಸಾಧ್ಯವಾಗಬಹುದು ಎಂದು ಅವರಿಗೆ ಹೊಳೆಯಿತು.

1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಸಂಶೋಧನಾ ಹಣ ಕೇಳಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಇಷ್ಟು ಸರಳವಾದ ವಿಷಯದಲ್ಲಿ ಏನಿದೆ ಎಂಬುದು ಪರಿಶೀಲಕರ ಅಭಿಪ್ರಾಯವಾಗಿತ್ತೆಂದು ಅವರೇ ಮುಂದೆ 1991ರಲ್ಲಿ ಬರೆದ ನೆನಪಿನ ಲೇಖನದಲ್ಲಿ ಹೇಳಿದ್ದಾರೆ. ಆದರೂ ಅವರು ಬಿಡಲಿಲ್ಲ. ತಮ್ಮ ಸಂಶೋಧನಾ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿದರು. 1974ರ ಜನವರಿಯಲ್ಲಿ ನಾಲ್ಕು ಪುಟಗಳ ಒಂದು ಪುಟ್ಟ ಪ್ರಬಂಧ ಪ್ರಕಟವಾಯಿತು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿ.ಸಿ.ಟಿ. 1992ರಲ್ಲಿ ಬಂದ ಜೆಪೆಗ್ ಮಾನದಂಡದ ಹೃದಯವೇ ಇದು. ವಿಡಿಯೋದ ಎಂಪೆಗ್, ಹಾಡಿನ ಎಂ.ಪಿ.-3 ಎಲ್ಲವೂ ಇದರ ಬಂಧುಗಳೇ.

ಜೆಪೆಗ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಕಣ್ಣು ಬೆಳಕು ನೆರಳಿನ ಸೂಕ್ಷ್ಮವನ್ನು ಗುರುತಿಸುವಷ್ಟು ಬಣ್ಣದ ಸೂಕ್ಷ್ಮವನ್ನು ಗುರುತಿಸುವುದಿಲ್ಲ. ಆದ್ದರಿಂದ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡಿ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಕಡಿಮೆ ಮಾಡುತ್ತಾರೆ. ನಂತರ ಚಿತ್ರವನ್ನು ಎಂಟು ಸಾಲು ಎಂಟು ಕಂಬದ, 64 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕಕ್ಕೂ ಡಿ.ಸಿ.ಟಿ. ಲೆಕ್ಕ ಹಾಕಿದರೆ 64 ಹೊಸ ಅಂಕಿಗಳು ಬರುತ್ತವೆ. ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ಮುಂದಿನವು ನಿಧಾನವಾಗಿ ಬದಲಾಗುವ ಛಾಯೆಯನ್ನೂ, ಕೊನೆಯವು ತೀರಾ ಚುರುಕಾದ ಏರಿಳಿತಗಳನ್ನೂ ಹೇಳುತ್ತವೆ. ಮುಖ, ಗೋಡೆ, ಆಕಾಶ ಇರುವ ಚಿತ್ರದಲ್ಲಿ ಮೊದಲ ಕೆಲವು ಅಂಕಿಗಳು ದೊಡ್ಡವು, ಉಳಿದವು ಸೊನ್ನೆಗೆ ಹತ್ತಿರ.

ಇಲ್ಲಿಯವರೆಗೆ ಹೆಚ್ಚೇನೂ ಕಳೆದುಹೋಗಿಲ್ಲ ಎಂಬುದನ್ನು ಗಮನಿಸಿ. ಮುಖ್ಯ ನಷ್ಟವಾಗುವುದು ಮುಂದಿನ ಹಂತದಲ್ಲಿ. ಪ್ರತಿ ಅಂಕಿಯನ್ನೂ ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. 130ನ್ನು 16ರಿಂದ ಭಾಗಿಸಿದರೆ ಸುಮಾರು 8. ಆಚೆ ಕಡೆ 8ನ್ನು 16ರಿಂದ ಗುಣಿಸಿದರೆ 128. ಎರಡು ಕಳೆಯಿತು, ಕಣ್ಣಿಗೆ ತಿಳಿಯುವುದಿಲ್ಲ. ಚುರುಕು ಏರಿಳಿತದ ಅಂಕಿ 7 ಇದ್ದು ಅದನ್ನು 99ರಿಂದ ಭಾಗಿಸಿದರೆ ನೇರವಾಗಿ ಸೊನ್ನೆ. ಹೀಗೆ 64ರಲ್ಲಿ ಬಹುಪಾಲು ಸೊನ್ನೆಗಳಾಗುತ್ತವೆ. ಆಗ ನೇಕಾರರ ಎಳೆ ಎಣಿಕೆ ಮತ್ತು ಹಫ್‌ಮನ್ ಸಂಕೇತ ಎರಡೂ ಮತ್ತೆ ಕೆಲಸಕ್ಕೆ ಬರುತ್ತವೆ. ಫೋಟೋ ಹತ್ತು ಪಟ್ಟು ಚಿಕ್ಕದಾದರೂ ವ್ಯತ್ಯಾಸ ಹೇಳುವುದು ಕಷ್ಟ.

ಇದರ ಶಕ್ತಿಗೆ ಒಂದು ಉದಾಹರಣೆ ಸಾಕು. ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಯ ಮುಖ್ಯ ಆಂಟೆನಾ 1991ರಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ಸೆಕೆಂಡಿಗೆ 1,34,000 ಬಿಟ್ ಬರಬೇಕಿದ್ದ ಕಡೆ ಚಿಕ್ಕ ಆಂಟೆನಾದಿಂದ ಹತ್ತಾರು ಬಿಟ್‌ಗಳಷ್ಟೇ ಬರುವಂತಾಯಿತು. ಭೂಮಿಯ ಮೇಲಿನ ಆಂಟೆನಾಗಳನ್ನು ಒಟ್ಟು ಜೋಡಿಸಿ, ನೌಕೆಗೆ ಹೊಸ ತಂತ್ರಾಂಶ ಕಳಿಸಿ ಇದನ್ನು ಗರಿಷ್ಠ 160 ಬಿಟ್‌ಗೆ ಏರಿಸಿದರು. ಆ ತಂತ್ರಾಂಶದಲ್ಲಿ ಚಿತ್ರ ಕುಗ್ಗಿಸಲು ಬಳಸಿದ್ದು ಡಿ.ಸಿ.ಟಿ.ಯ ಹತ್ತಿರದ ಬಂಧುವನ್ನೇ. 1995ರ ಡಿಸೆಂಬರ್‌ನಲ್ಲಿ ಗುರುವನ್ನು ತಲುಪಿದ ಆ ನೌಕೆಯ ಚಿತ್ರಗಳು ಲೋಕಕ್ಕೆ ಸಿಕ್ಕಿದ್ದರಲ್ಲಿ ಈ ಗಣಿತದ ಪಾಲೂ ಇದೆ.

ಎಲ್ಲಿ ಕಳೆಯಬಾರದೋ ಅಲ್ಲಿ

ಜೆಪೆಗ್‌ಗೆ ದೌರ್ಬಲ್ಯಗಳಿವೆ. ಹೆಚ್ಚು ಒತ್ತಿದರೆ ಚೌಕಗಳ ಗೆರೆಗಳು ಎದ್ದು ಕಾಣುತ್ತವೆ. ಬಿಳಿ ಕಾಗದದ ಮೇಲಿನ ಕಪ್ಪು ಅಕ್ಷರದ ಅಂಚು ಎಂದರೆ ಚುರುಕಾದ ಏರಿಳಿತ. ಜೆಪೆಗ್ ಮೊದಲು ಬಿಸಾಡುವುದು ಅದನ್ನೇ! ಆದ್ದರಿಂದ ಅಕ್ಷರಗಳ ಸುತ್ತ ಕೊಳೆ ಕಟ್ಟಿದಂತಾಗುತ್ತದೆ. ಅಮೆರಿಕದ ಎಫ್.ಬಿ.ಐ. ತನ್ನ ಬೆರಳಚ್ಚುಗಳನ್ನು ಕಂಪ್ಯೂಟರಿಗೆ ಹಾಕುವಾಗ ಇದೇ ಸಮಸ್ಯೆ ಎದುರಾಯಿತು. ಬೆರಳಚ್ಚಿನ ಗೆರೆಗಳ ಸೂಕ್ಷ್ಮವೇ ಅಲ್ಲಿ ಸಾಕ್ಷ್ಯ. ಹಾಗಾಗಿ ಅವರು ಜೆಪೆಗ್ ಬಿಟ್ಟು ವೇವ್‌ಲೆಟ್ ಎಂಬ ಗಣಿತವನ್ನು ಆರಿಸಿಕೊಂಡರು. ವೇವ್‌ಲೆಟ್ ಚಿತ್ರವನ್ನು ಚೌಕಗಳಾಗಿ ಕತ್ತರಿಸುವುದಿಲ್ಲ. ಇಡೀ ಚಿತ್ರವನ್ನು ಒರಟು ರೂಪ ಮತ್ತು ಅದರ ಮೇಲಿನ ಸೂಕ್ಷ್ಮ ವಿವರ ಎಂದು ಹಂತ ಹಂತವಾಗಿ ಬಿಡಿಸುತ್ತದೆ. ಇದರಿಂದ ಬೆರಳಚ್ಚು ಸುಮಾರು 15 ಪಟ್ಟು ಚಿಕ್ಕದಾಯಿತು.

ಇದೇ ಗಣಿತದಿಂದ 2000ದಲ್ಲಿ ಜೆಪೆಗ್-2000 ಬಂತು. ಒಂದೇ ವಿಧಾನದಲ್ಲಿ ನಷ್ಟಸಹಿತವೂ ಸಾಧ್ಯ, ನಷ್ಟರಹಿತವೂ ಸಾಧ್ಯ. ಚಿತ್ರಮಂದಿರದ ಡಿಜಿಟಲ್ ಸಿನಿಮಾ ಇದನ್ನೇ ಬಳಸುತ್ತದೆ. ವೈದ್ಯಕೀಯ ಚಿತ್ರಗಳಲ್ಲೂ ಇದಕ್ಕೆ ಸ್ಥಾನವಿದೆ. ಆದರೆ ಲೆಕ್ಕ ಹೆಚ್ಚು, ಮತ್ತು ಹಳೆಯ ಜೆಪೆಗ್ ಅಷ್ಟರಲ್ಲಿ ಎಲ್ಲ ಕಡೆ ನೆಲೆಯೂರಿತ್ತು. ಹೀಗಾಗಿ ಜನಸಾಮಾನ್ಯರ ಕೈಗೆ ಅದು ಬರಲಿಲ್ಲ. ನಂತರ ಬಂದ 2010ರ ವೆಬ್‌ಪಿ, 2019ರ ಎವಿಫ್ ಇನ್ನೂ ಚಿಕ್ಕ ಫೈಲ್ ಕೊಡುತ್ತವೆ. ಆದರೂ ಅರ್ಜಿ ಸ್ವೀಕರಿಸುವ ಹಲವು ಜಾಲತಾಣಗಳು ಕೇಳುವುದು ಜೆಪೆಗ್ ಅನ್ನೇ.

ಇನ್ನೊಂದು ಎಚ್ಚರಿಕೆಯ ಕಥೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಕಂಪನಿಯ ಒಂದು ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ ಬೇರೆ ಬೇರೆ. ಸ್ಕ್ಯಾನ್ ಪ್ರತಿಯಲ್ಲಿ ಮೂರೂ 14.13 ಚದರ ಮೀಟರ್! ಆ ಯಂತ್ರದ ಜೆಬಿಗ್-2 ಎಂಬ ವಿಧಾನವು ಒಂದರಂತೆ ಒಂದು ಕಾಣುವ ಅಕ್ಷರಗಳನ್ನು ಒಂದೇ ಎಂದು ಭಾವಿಸಿ, ಒಂದರ ಚಿತ್ರವನ್ನು ಇನ್ನೊಂದರ ಜಾಗಕ್ಕೆ ಅಂಟಿಸುತ್ತಿತ್ತು. 6 ಇದ್ದ ಕಡೆ 8 ಬರುತ್ತಿತ್ತು. ಕಂಪನಿ ಮುಂದೆ ತಂತ್ರಾಂಶವನ್ನು ಸರಿಪಡಿಸಿತು. ಜೆಪೆಗ್ ಕೆಟ್ಟರೆ ಮಸುಕಾಗುತ್ತದೆ, ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ತಪ್ಪು ಅಂಕಿ ಸ್ವಚ್ಛವಾಗಿ, ಸ್ಪಷ್ಟವಾಗಿ ಕುಳಿತಿತ್ತು. ಅಂಕಪಟ್ಟಿ, ಔಷಧದ ಪ್ರಮಾಣ, ಜಮೀನಿನ ಪತ್ರ ಇವುಗಳಲ್ಲಿ ಹೀಗಾದರೆ ಏನು ಗತಿ ಎಂದು ಯೋಚಿಸಿ.

ಆ ಹುಡುಗಿಯ ಪ್ರಶ್ನೆಗೆ ಉತ್ತರ

ಈಗ ಲೆಕ್ಕ ಹಾಕೋಣ. ಎ-4 ಅಂಕಪಟ್ಟಿಯನ್ನು ಅಂಗುಲಕ್ಕೆ 200 ಚುಕ್ಕೆಯಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 1.16 ಕೋಟಿ ಬೈಟ್. ಅದನ್ನು 100 ಕೆ.ಬಿ.ಗೆ ತರಲು 116 ಪಟ್ಟು ಹಿಂಡಬೇಕು. ಹತ್ತು ಪಟ್ಟಿಗೆ ಚೆನ್ನಾಗಿರುವ ಜೆಪೆಗ್ ನೂರು ಪಟ್ಟಿಗೆ ಅಕ್ಷರವನ್ನು ಉಳಿಸುವುದಿಲ್ಲ. ಬೂದು ಛಾಯೆಯಲ್ಲಿ ಮಾಡಿದರೆ 39 ಪಟ್ಟು ಸಾಕು. ಅಪ್ಪಟ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಇಡೀ ಪುಟವೇ ಸುಮಾರು 4.8 ಲಕ್ಷ ಬೈಟ್. ಗ್ರೂಪ್-4 ವಿಧಾನ ಇರುವ ಪಿ.ಡಿ.ಎಫ್. ಮಾಡಿದರೆ ಐದು ಪಟ್ಟು ಕುಗ್ಗಿಸುವುದು ದೊಡ್ಡ ಮಾತಲ್ಲ, ಒಂದು ಅಂಕಿಯೂ ಮಸುಕಾಗುವುದಿಲ್ಲ.

ಆ ಹುಡುಗಿಯ ಅಂಕಪಟ್ಟಿ ಬಣ್ಣದ ಜೆಪೆಗ್ ಆಗಿ ಮೊಬೈಲಿನಲ್ಲಿ ಒಮ್ಮೆ, ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ, ಅಂಗಡಿಯಲ್ಲಿ ಹಲವು ಬಾರಿ ಒತ್ತಿಸಿಕೊಂಡಿತ್ತು. ಪ್ರತಿ ಬಾರಿಯೂ ಒಂದಿಷ್ಟು ಕಳೆದುಕೊಂಡಿತ್ತು. ಕಳೆದದ್ದು ಮತ್ತೆ ಬರುವುದಿಲ್ಲ. ತಪ್ಪಾಗಿದ್ದು ಅಲ್ಲಿ.

ಆದ್ದರಿಂದ ವಿದ್ಯಾರ್ಥಿಗಳೇ, ನಾಲ್ಕು ಮಾತು ನೆನಪಿಡಿ. ಭಾವಚಿತ್ರಕ್ಕೆ ಜೆಪೆಗ್. ನಕ್ಷೆ, ರೇಖಾಚಿತ್ರ, ಪರದೆಯ ಚಿತ್ರಕ್ಕೆ ಪಿ.ಎನ್.ಜಿ. ಅಕ್ಷರದ ಪುಟಕ್ಕೆ ಕಪ್ಪು ಬಿಳುಪಿನ ಪಿ.ಡಿ.ಎಫ್. ಎಕ್ಸ್-ರೇ, ಸ್ಕ್ಯಾನಿಂಗ್ ಚಿತ್ರಗಳನ್ನು ವೈದ್ಯರಿಗೆ ಕಳಿಸುವಾಗ ಫೋಟೋದ ಫೋಟೋ ಬೇಡ, ಆಸ್ಪತ್ರೆಯಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ. ಜಾಲತಾಣ ಜೆಪೆಗ್ ಅನ್ನೇ ಕೇಳಿದರೆ ಮೊದಲು ಸುತ್ತಲಿನ ಖಾಲಿ ಅಂಚು ಕತ್ತರಿಸಿ, ಬಣ್ಣ ತೆಗೆದು ಬೂದು ಮಾಡಿ, ಅಳತೆ ಸ್ವಲ್ಪ ಇಳಿಸಿ. ಗುಣಮಟ್ಟ ಇಳಿಸುವುದು ಕೊನೆಯ ಉಪಾಯವಾಗಿರಲಿ. ಪ್ರತಿ ಬಾರಿಯೂ ಮೂಲದಿಂದಲೇ ಶುರು ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಸಲ್ಲಿಸುವ ಮೊದಲು ಒಮ್ಮೆ ತೆರೆದು, ದೊಡ್ಡದು ಮಾಡಿ, ಪ್ರತಿ ಅಂಕಿಯನ್ನೂ ಓದಿ ನೋಡಿ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಅರ್ಜಿ ತುಂಬುವ ತಿಂಗಳುಗಳಲ್ಲಿ ಗ್ರಂಥಾಲಯದಲ್ಲಿ ಒಂದು ಸ್ಕ್ಯಾನರ್ ಇಟ್ಟು, ತಿಳಿದ ಇಬ್ಬರು ಹಿರಿಯ ವಿದ್ಯಾರ್ಥಿಗಳನ್ನು ಕೂರಿಸಿದರೆ ಇಂಥ ಎಷ್ಟೋ ಅರ್ಜಿಗಳು ಉಳಿಯುತ್ತವೆ. ಆ ಹುಡುಗಿ ಮರುವರ್ಷ ಮತ್ತೆ ಅರ್ಜಿ ಹಾಕಿದಳು, ವಿದ್ಯಾರ್ಥಿವೇತನ ಸಿಕ್ಕಿತು. ಆದರೆ ಆ ಒಂದು ವರ್ಷದ ಶುಲ್ಕಕ್ಕೆ ಅವಳ ತಂದೆ ಸಾಲ ಮಾಡಬೇಕಾಯಿತು.

ಕೊನೆಯದಾಗಿ ಒಂದು ಮಾತು. ಪಿ.ಯು.ಸಿ. ತರಗತಿಯಲ್ಲಿ ಕೊಸೈನ್ ಸೂತ್ರಗಳನ್ನು ಬರೆಸುವಾಗ "ಸರ್, ಇದರಿಂದ ಮುಂದೆ ಏನು ಉಪಯೋಗ?" ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಓದಿದ ಒಬ್ಬರು ಅದೇ ಕೊಸೈನ್ ಅನ್ನು ಹಿಡಿದು ಕುಳಿತರು. ಅವರ ಅರ್ಜಿಯೂ ಒಮ್ಮೆ ತಿರಸ್ಕೃತವಾಗಿತ್ತು. ಅರ್ಜಿ ತಿರಸ್ಕೃತವಾದರೂ ವಿಷಯ ಸರಿಯಾಗಿತ್ತು. ನಿಮ್ಮಲ್ಲಿ ಯಾರಿಗಾದರೂ ಮುಂದೆ ಹಾಗಾದರೆ ಈ ಮಧ್ಯಾಹ್ನವನ್ನು ನೆನಪಿಸಿಕೊಳ್ಳಿ.